ಹೆಬ್ಬೆರಳಿಗೆ ನಾಟಿದ ಉಗುರು

ಹೈಸ್ಕೂಲಿನ ಯಾವ ತರಗತಿಗೆ ಹೋದರೂ ಇಂಥ ಹುಡುಗನೊಬ್ಬ ಸಿಗುತ್ತಾನೆ. ಬೆಳಗಿನ ಪ್ರಾರ್ಥನೆಗೆ ಸಾಲಿನಲ್ಲಿ ನಿಂತಾಗ ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕಿರುತ್ತಾನೆ. ಆಟದ ಪೀರಿಯಡ್ ಬಂತೆಂದರೆ ‘ಹೊಟ್ಟೆನೋವು ಸಾರ್’ ಎಂದು ಮರದ ಕೆಳಗೆ ಕೂರುತ್ತಾನೆ. ಮನೆಗೆ ಬಂದು ಶೂ ಬಿಚ್ಚಿದರೆ ಕಾಲುಚೀಲ ಹೆಬ್ಬೆರಳಿಗೆ ಅಂಟಿಕೊಂಡಿರುತ್ತದೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನೀರಿನಲ್ಲಿ ನೆನೆಸಿ, ಹಲ್ಲು ಕಚ್ಚಿ ಅದನ್ನು ಬಿಡಿಸಿಕೊಳ್ಳುತ್ತಾನೆ. ತಾಯಿಗೆ ವಿಷಯ ತಿಳಿಯುವುದು ಬಟ್ಟೆ ಒಗೆಯುವ ದಿನ, ಬಿಳಿ ಕಾಲುಚೀಲದ ತುದಿಯಲ್ಲಿ ಹಳದಿ-ಕೆಂಪು ಕಲೆ ಕಂಡಾಗ. ಅಷ್ಟರಲ್ಲಿ ಒಂದೆರಡು ತಿಂಗಳು ಕಳೆದಿರುತ್ತವೆ.

ಹುಡುಗ ಅದನ್ನು ಮುಚ್ಚಿಟ್ಟದ್ದೇಕೆ? ಆಸ್ಪತ್ರೆಗೆ ಹೋದರೆ ಉಗುರು ಕೀಳುತ್ತಾರೆ ಎಂಬ ಭಯ. ಈ ಭಯ ತೀರ ಆಧಾರವಿಲ್ಲದ್ದೇನಲ್ಲ. ಇಡೀ ಉಗುರನ್ನು ಕಿತ್ತು ಕಟ್ಟು ಹಾಕಿ ಕಳಿಸುವ ಪದ್ಧತಿ ಬಹುಕಾಲ ಇತ್ತು. ಈಗಲೂ ಅಲ್ಲಲ್ಲಿ ಇದೆ. ಬೇಸರದ ಸಂಗತಿಯೆಂದರೆ, ಅಷ್ಟೆಲ್ಲ ನೋವುಂಡು ಕಿತ್ತ ಉಗುರು ಮತ್ತೆ ಬೆಳೆದಾಗ ಎಷ್ಟೋ ಸಲ ಅದೇ ಜಾಗದಲ್ಲಿ ಅದೇ ರೀತಿ ಚುಚ್ಚತೊಡಗುತ್ತದೆ. ‘ಅಣ್ಣನಿಗೆ ಎರಡು ಸಲ ಕಿತ್ತರು, ಮತ್ತೆ ಬಂತು’ ಎಂಬ ಮಾತು ಕೇಳಿದ ತಮ್ಮ ಬಾಯಿ ಮುಚ್ಚಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇಂದು ತಿಳಿದ ವೈದ್ಯರು ಮಾಡುವ ಕೆಲಸ ಬೇರೆ. ಇಡೀ ಉಗುರನ್ನು ಕೀಳುವುದಿಲ್ಲ. ಚುಚ್ಚುವ ಅಂಚಿನ ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಯನ್ನಷ್ಟೇ ತೆಗೆದು, ಅದು ಮತ್ತೆ ಹುಟ್ಟದಂತೆ ಮಾಡುತ್ತಾರೆ. ಅದು ಹೇಗೆಂದು ತಿಳಿಯಲು ಮೊದಲು ಉಗುರು ಬೆಳೆಯುವ ಬಗೆಯನ್ನು ನೋಡಬೇಕು.

ಬೆಳೆಯುವುದು ಬುಡದಲ್ಲಿ ಮಾತ್ರ

ಕಣ್ಣಿಗೆ ಕಾಣುವ ಉಗುರಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನು ತುಂಬಿಕೊಂಡು ಸತ್ತ ಜೀವಕೋಶಗಳ ಗಟ್ಟಿ ತಟ್ಟೆ. ಕೂದಲು, ದನದ ಕೊಂಬಿನ ಹೊರಕವಚ, ಕುದುರೆಯ ಗೊರಸು ಎಲ್ಲವೂ ಇದೇ ಜಾತಿಯ ಸಾಮಗ್ರಿಯಿಂದ ಆದವು. ಜೀವವಿರುವುದು ಉಗುರಿನ ಬುಡದಲ್ಲಿ, ಚರ್ಮದ ಮಡಿಕೆಯ ಅಡಿಯಲ್ಲಿ ಅಡಗಿರುವ ಬೇರಿನಲ್ಲಿ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಬೆಳ್ಳಗೆ ಅರ್ಧಚಂದ್ರದಂತೆ ಕಾಣುವುದು ಈ ಬೇರಿನ ಮುಂಭಾಗ. ಬೇರಿನ ಕೋಶಗಳು ವಿಭಜನೆಯಾಗುತ್ತ ಹಿಂದಿನಿಂದ ತಳ್ಳಿದಂತೆ ತಟ್ಟೆ ಮುಂದಕ್ಕೆ ಜಾರುತ್ತದೆ. ಬೇರಿನ ಎಡಭಾಗ ಉಗುರಿನ ಎಡ ಅಂಚನ್ನೂ ಬಲಭಾಗ ಬಲ ಅಂಚನ್ನೂ ತಯಾರಿಸುತ್ತವೆ. ಈ ಒಂದು ಮಾತನ್ನು ನೆನಪಿಡಬೇಕು. ಮುಂದೆ ಹೇಳುವ ಚಿಕಿತ್ಸೆಯೆಲ್ಲ ನಿಂತಿರುವುದು ಇದರ ಮೇಲೆಯೇ.

ಬೆಳವಣಿಗೆಯ ವೇಗವನ್ನು ಯಾರು ಬೇಕಾದರೂ ಅಳೆಯಬಹುದು. ವಿಲಿಯಂ ಬೀನ್ ಎಂಬ ಅಮೆರಿಕದ ವೈದ್ಯ 1941ರಲ್ಲಿ ತನ್ನ ಕೈ ಹೆಬ್ಬೆರಳಿನ ಉಗುರು ಚರ್ಮದಿಂದ ಹೊರಬರುವ ಜಾಗದಲ್ಲಿ ಅರದಿಂದ ಒಂದು ಗೀರು ಹಾಕಿ, ಅದು ತುದಿ ಮುಟ್ಟುವ ದಿನವನ್ನು ಬರೆದಿಟ್ಟ. ಮತ್ತೆ ಗೀರು, ಮತ್ತೆ ದಿನಾಂಕ. ಹೀಗೆ 35 ವರ್ಷ! ಆತನಿಗೆ 32 ವರ್ಷವಾಗಿದ್ದಾಗ ಉಗುರು ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿತ್ತು. 67 ವರ್ಷವಾದಾಗ 0.095 ಮಿಲಿಮೀಟರಿಗೆ ಇಳಿದಿತ್ತು. ಸರಾಸರಿ ತೆಗೆದು ಗುಣಿಸಿದರೆ ಅಷ್ಟು ವರ್ಷಗಳಲ್ಲಿ ಒಂದೇ ಬೆರಳಿನಿಂದ ಹೊರಬಂದ ಉಗುರಿನ ಉದ್ದ ಸುಮಾರು 1.4 ಮೀಟರ್. ಪ್ರಯೋಗಾಲಯ, ಉಪಕರಣ ಯಾವುದೂ ಬೇಡದ ಪ್ರಯೋಗ ಇದು. ಬೇಕಾದದ್ದು ತಾಳ್ಮೆ ಮಾತ್ರ.

ಕಾಲಿನ ಉಗುರು ಇದಕ್ಕಿಂತ ಸೋಮಾರಿ. ಕೈಯುಗುರು ತಿಂಗಳಿಗೆ 3 ಮಿಲಿಮೀಟರಿಗೂ ತುಸು ಹೆಚ್ಚು ಬೆಳೆದರೆ ಕಾಲಿನದು ಅದರ ಅರ್ಧದಷ್ಟು. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಹೋದರೆ ಮತ್ತೆ ತುಂಬಿಕೊಳ್ಳಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಉಗುರು ಕಿತ್ತಾಗ ‘ವಾಸಿಯಾಯಿತು’ ಎಂದು ಭಾವಿಸುವುದೂ, ವರ್ಷ ಕಳೆದ ಮೇಲೆ ‘ಮತ್ತೆ ಬಂತು’ ಎಂದು ನೊಂದುಕೊಳ್ಳುವುದೂ ಇದೇ ಕಾರಣಕ್ಕೆ. ನಡುವೆ ಚುಚ್ಚಲು ಉಗುರೇ ಇರಲಿಲ್ಲ, ಅಷ್ಟೇ.

ಮೂಲೆಯಲ್ಲಿ ಉಳಿದ ಸಿಬಿರು

ಉಗುರಿನ ಎರಡೂ ಪಕ್ಕದಲ್ಲಿ ಮಾಂಸದ ದಡವಿದೆ. ಉಗುರಿನ ಅಂಚು ಈ ದಡಕ್ಕೆ ತಾಗಿಕೊಂಡೇ ಮುಂದಕ್ಕೆ ಜಾರಬೇಕು. ಉಗುರನ್ನು ನೇರವಾಗಿ ಕತ್ತರಿಸಿದ್ದರೆ ಅದರ ಮೂಲೆ ಮಾಂಸದಿಂದ ಹೊರಗೇ ಇರುತ್ತದೆ. ಆದರೆ ಬಹಳ ಜನ ಕೈಯುಗುರಿನಂತೆ ಕಾಲಿನದನ್ನೂ ದುಂಡಗೆ ಕತ್ತರಿಸುತ್ತಾರೆ. ನೇಲ್ ಕಟರಿನ ಬಾಯಿಯೇ ಬಾಗಿರುವುದರಿಂದ ಕೈ ತಾನಾಗಿ ಆ ಕಡೆಗೇ ಹೋಗುತ್ತದೆ. ಮೂಲೆಯಲ್ಲಿ ಕಟರಿನ ತುದಿ ಆಳಕ್ಕೆ ಹೋಗದೆ ಕೊನೆಯ ಚೂರು ಕತ್ತರಿಸದೆ ಉಳಿಯುತ್ತದೆ. ಕಣ್ಣಿಗೆ ಕಾಣದ ಈ ಚೂಪಾದ ಸಿಬಿರು, ಉಗುರು ಮುಂದೆ ಬಂದಂತೆಲ್ಲ ಈಟಿಯ ಹಾಗೆ ಮಾಂಸವನ್ನು ತೂರುತ್ತದೆ.

ಒಳಗೆ ಹೊಕ್ಕ ಮೇಲೆ ಅದು ನಮ್ಮದೇ ಉಗುರೆಂಬ ಮುಲಾಜು ದೇಹಕ್ಕಿಲ್ಲ. ಬಿದಿರಿನ ಸಿಬಿರು ಚುಚ್ಚಿದರೆ ಏನಾಗುತ್ತದೋ ಅದೇ ಆಗುತ್ತದೆ. ಬೆರಳು ಕೆಂಪಾಗಿ ಊದುತ್ತದೆ, ಬಿಸಿಯಾಗುತ್ತದೆ, ಚರ್ಮದ ಮೇಲೇ ಇದ್ದ ಬ್ಯಾಕ್ಟೀರಿಯಾಗಳು ಗಾಯದೊಳಗೆ ಸೇರಿ ಕೀವಾಗುತ್ತದೆ. ಸಿಬಿರು ಹೋಗುವ ತನಕ ಗಾಯ ಮಾಯುವಂತಿಲ್ಲ. ಮಾಯಲು ಹೊರಟ ದೇಹ ಕೆಂಪು ದುರ್ಮಾಂಸವನ್ನು ಬೆಳೆಸಿ ಉಗುರಿನ ಅಂಚನ್ನೇ ಮುಚ್ಚಿಬಿಡುತ್ತದೆ. ಮುಟ್ಟಿದರೆ ಸಾಕು, ರಕ್ತ ಜಿನುಗುತ್ತದೆ.

ಹದಿಹರೆಯದಲ್ಲೇ ಇದು ಹೆಚ್ಚು, ಅದರಲ್ಲೂ ಹುಡುಗರಲ್ಲಿ. ಆ ವಯಸ್ಸಿನಲ್ಲಿ ಪಾದ ಬೆವರುವುದು ಜಾಸ್ತಿ, ಬೆವರಿನಿಂದ ನೆನೆದ ಚರ್ಮ ಮೆತ್ತಗಾಗಿ ಸುಲಭವಾಗಿ ತೂರಿಸಿಕೊಳ್ಳುತ್ತದೆ. ಪಾದ ಭರಭರನೆ ಬೆಳೆಯುವ ಕಾಲವೂ ಅದೇ. ಜೂನ್‌ನಲ್ಲಿ ಸರಿಹೋದ ಶೂ ಜನವರಿಗೆ ಬಿಗಿ. ‘ಇನ್ನು ಮೂರು ತಿಂಗಳು ಹೇಗೋ ಹಾಕಿಕೊ’ ಎನ್ನದ ತಂದೆತಾಯಿ ಕಡಿಮೆ. ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳಿಗೆ 2015-16ರಲ್ಲಿ ಉಚಿತವಾಗಿ ಶೂ, ಕಾಲುಚೀಲ ಕೊಡುವ ಯೋಜನೆ ಆರಂಭವಾಯಿತು. ಬರಿಗಾಲಿನ ಮಕ್ಕಳಿಗೆ ಅದು ದೊಡ್ಡ ಉಪಕಾರವೇ. ಆದರೆ ಅಳತೆ ಸರಿಯಿಲ್ಲದ ಶೂವನ್ನು, ಅದು ಯಾರು ಕೊಟ್ಟದ್ದೇ ಆಗಲಿ, ದಿನಕ್ಕೆ ಏಳೆಂಟು ಗಂಟೆ ಹಾಕಿಕೊಳ್ಳುವ ಬೆರಳಿನ ಪಾಡು ಬೇರೆ. ಫುಟ್ಬಾಲ್ ಆಡುವವರಲ್ಲಿ ಚೆಂಡಿನ, ಎದುರಾಳಿಯ ಬೂಟಿನ ಪೆಟ್ಟೂ ಸೇರುತ್ತದೆ. ಹುಟ್ಟಿನಿಂದಲೇ ಉಗುರು ಹೆಚ್ಚು ಬಾಗಿರುವ ಮನೆತನಗಳೂ ಇವೆ.

ಉಗುರಿನ ನಡುವೆ ‘ವಿ’ ಆಕಾರದ ಕಚ್ಚು ಹಾಕಿದರೆ ಉಗುರು ನಡುವಿಗೆ ಕೂಡಿಕೊಂಡು ಅಂಚು ಸಡಿಲವಾಗುತ್ತದೆ ಎಂಬ ನಂಬಿಕೆ ಎಲ್ಲೆಲ್ಲೂ ಇದೆ. ಮೇಲೆ ಹೇಳಿದ್ದನ್ನು ನೆನಪಿಸಿಕೊಂಡರೆ ಇದು ಆಗುವ ಮಾತಲ್ಲವೆಂದು ವಿದ್ಯಾರ್ಥಿಗಳೇ ಹೇಳಬಲ್ಲರು. ಸತ್ತ ತಟ್ಟೆಗೆ ತುದಿಯಲ್ಲಿ ಕಚ್ಚು ಹಾಕಿದ್ದು ಬುಡದಲ್ಲಿರುವ ಬೇರಿಗೆ ಗೊತ್ತಾಗುವುದು ಹೇಗೆ?

ನಿಂಬೆಹಣ್ಣು, ಮಾತ್ರೆ, ಹತ್ತಿಯ ಎಳೆ

ಕನ್ನಡದಲ್ಲಿ ಇಂಥವಕ್ಕೆಲ್ಲ ‘ಉಗುರುಸುತ್ತು’ ಎಂಬ ಒಂದೇ ಮಾತು. ಸುಶ್ರುತ ಸಂಹಿತೆಯೂ ಉಗುರಿನ ಮಾಂಸ ಉರಿದು ಕೀವಾಗುವುದನ್ನು ‘ಚಿಪ್ಪ’ ಎಂಬ ಹೆಸರಿನಲ್ಲಿ ಸಣ್ಣ ರೋಗಗಳ ಸಾಲಿಗೆ ಸೇರಿಸಿದೆ. ಸಣ್ಣದೆಂದು ಕರೆದವರಿಗೆ ಹೆಬ್ಬೆರಳು ಹೊಸ್ತಿಲಿಗೆ ತಾಗಿದ ಅನುಭವ ಇದ್ದಿರಲಾರದು! ಕೈಬೆರಳಿನ ಉಗುರುಸುತ್ತಿಗೆ ತೂತು ಮಾಡಿದ ನಿಂಬೆಹಣ್ಣನ್ನು ಟೋಪಿಯಂತೆ ತೊಡಿಸುವುದು ಮನೆಮನೆಯ ಮದ್ದು. ತಂಪೆನಿಸಬಹುದು. ಆದರೆ ಕಾಲಿನಲ್ಲಿ ಸಿಬಿರು ಒಳಗೇ ಇರುವಾಗ ನಿಂಬೆಹಣ್ಣಾಗಲಿ, ಅರಿಸಿನವಾಗಲಿ ಅದನ್ನು ಹೊರಗೆ ತೆಗೆಯಲಾರವು. ಸುಣ್ಣ ಹಚ್ಚುವುದಂತೂ ಬೇಡವೇ ಬೇಡ. ಗಾಯದ ಮೇಲೆ ಸುಟ್ಟಗಾಯ ಸೇರುತ್ತದೆ.

ಇದೇ ಮಾತನ್ನು ಔಷಧದ ಅಂಗಡಿಯಿಂದ ತರುವ ಆ್ಯಂಟಿಬಯಾಟಿಕ್ ಮಾತ್ರೆಗಳಿಗೂ ಹೇಳಬೇಕು. ಐದು ದಿನ ನುಂಗಿದರೆ ಕೀವು ಇಳಿಯುತ್ತದೆ, ನಿಲ್ಲಿಸಿದ ವಾರಕ್ಕೆ ಮರಳುತ್ತದೆ. ಅಂಚನ್ನು ತೆಗೆದರೆ ಸಾಮಾನ್ಯವಾಗಿ ಮಾತ್ರೆಯಿಲ್ಲದೆಯೇ ಸೋಂಕು ಅಡಗುತ್ತದೆ. ಕೆಂಪು ಬೆರಳನ್ನು ದಾಟಿ ಪಾದಕ್ಕೆ ಹರಡಿದ್ದರೆ, ಜ್ವರ ಬಂದಿದ್ದರೆ ಮಾತ್ರ ಪರಿಸ್ಥಿತಿ ಬೇರೆ. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು.

ವೈದ್ಯರು ಇದನ್ನು ಮೂರು ಹಂತಗಳಾಗಿ ನೋಡುತ್ತಾರೆ. ಬರೀ ನೋವು, ತುಸು ಊತ ಮೊದಲನೆಯದು. ಕೀವು ಎರಡನೆಯದು. ದುರ್ಮಾಂಸ ಬೆಳೆದು ದಡ ದಪ್ಪಗಾದದ್ದು ಮೂರನೆಯದು. ಮೊದಲ ಹಂತಕ್ಕೆ ಚಾಕು ಬೇಕಿಲ್ಲ. ದಿನಕ್ಕೆ ಎರಡು ಮೂರು ಸಲ ಹತ್ತಿಪ್ಪತ್ತು ನಿಮಿಷ ಬೆಚ್ಚನೆಯ ನೀರಿನಲ್ಲಿ ಪಾದವಿಡುವುದು, ಚೆನ್ನಾಗಿ ಒರೆಸಿ ಒಣಗಿಸುವುದು, ಶೂ ಬಿಟ್ಟು ಚಪ್ಪಲಿ ಹಾಕುವುದು, ಉಗುರಿನ ಮೂಲೆಯ ಅಡಿಗೆ ಹತ್ತಿಯ ಸಣ್ಣ ಎಳೆಯೊಂದನ್ನು ತೂರಿಸಿ ಅಂಚನ್ನು ಮಾಂಸದಿಂದ ಎತ್ತಿಡುವುದು, ದಿನವೂ ಆ ಎಳೆಯನ್ನು ಬದಲಿಸುವುದು. ಅಂಟುಪಟ್ಟಿಯಿಂದ ಮಾಂಸದ ದಡವನ್ನು ಉಗುರಿನಿಂದ ಆಚೆಗೆ ಎಳೆದು ಅಂಟಿಸುವ ಉಪಾಯವೂ ಇದೆ. ಉಗುರು ತಿಂಗಳಿಗೆ ಒಂದೂವರೆ ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಮೂಲೆ ಮಾಂಸವನ್ನು ದಾಟಿ ಹೊರಬರಲು ವಾರಗಟ್ಟಲೆ ಹಿಡಿಯುತ್ತದೆ. ಎರಡು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ.

ಎರಡನೆಯ ಹಂತ ದಾಟಿದ್ದರೆ, ಅಥವಾ ಪದೇ ಪದೇ ಬರುತ್ತಿದ್ದರೆ, ವೈದ್ಯರ ಬಳಿ ಹೋಗುವುದೇ ಸರಿ. ಬ್ರಿಟನ್ನಿನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುವವರು ಪೋಡಿಯಾಟ್ರಿಸ್ಟರು, ಅಂದರೆ ಪಾದದ ಆರೈಕೆಗೆಂದೇ ತರಬೇತಾದವರು. ನಮ್ಮಲ್ಲಿ ಆ ವೃತ್ತಿಯವರು ವಿರಳ. ಇಲ್ಲಿ ಮಾಡುವವರು ಶಸ್ತ್ರವೈದ್ಯರು, ಚರ್ಮರೋಗ ತಜ್ಞರು. ದೊಡ್ಡ ಊರಿಗೇ ಹೋಗಬೇಕೆಂದಿಲ್ಲ. ಇದು ಹೊರರೋಗಿಯಾಗಿಯೇ ಮುಗಿಯುವ ಕೆಲಸ.

ಆ ಅರ್ಧ ಗಂಟೆ

ಹುಡುಗರು ಹೆದರುವುದು ಏನಾಗುತ್ತದೆಂದು ಯಾರೂ ಹೇಳದಿರುವುದರಿಂದ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಒಳ್ಳೆಯದು.

ಬೆರಳಿನ ಎರಡೂ ಪಕ್ಕದಲ್ಲಿ, ಮೇಲೊಂದು ಕೆಳಗೊಂದರಂತೆ, ನೋವಿನ ಸುದ್ದಿ ಒಯ್ಯುವ ನರಗಳು ಸಾಗುತ್ತವೆ. ವೈದ್ಯರು ಬೆರಳಿನ ಬುಡದಲ್ಲಿ ಎರಡು ಕಡೆ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟು ಈ ನರಗಳನ್ನು ಮಲಗಿಸುತ್ತಾರೆ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ ಔಷಧ ಇದು. ಆತನ ಸಹೋದ್ಯೋಗಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನಗೇ ಚುಚ್ಚಿಕೊಂಡು ಪರೀಕ್ಷಿಸಿದ್ದ. 1948ರಲ್ಲಿ ಜೈಲೊಕೇನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಹಲ್ಲು ಕೀಳಿಸಿಕೊಂಡವರಿಗೆ ಇದರ ಪರಿಚಯವಿರುತ್ತದೆ. ಔಷಧ ಒಳಹೋಗುವಾಗ ಅರ್ಧ ನಿಮಿಷ ಜೋರಾಗಿ ಉರಿಯುತ್ತದೆ. ಇಡೀ ಚಿಕಿತ್ಸೆಯಲ್ಲಿ ನಿಜವಾದ ನೋವು ಇದೊಂದೇ. ಐದು ಹತ್ತು ನಿಮಿಷದಲ್ಲಿ ಬೆರಳು ಮರದ ತುಂಡಿನಂತಾಗುತ್ತದೆ. ಮುಟ್ಟಿದ್ದು, ಎಳೆದದ್ದು ತಿಳಿಯಬಹುದು, ನೋವಾಗುವುದಿಲ್ಲ. ನೋವಾದರೆ ಹೇಳಬೇಕು, ಇನ್ನಷ್ಟು ಔಷಧ ಕೊಡುತ್ತಾರೆ. ಗಂಡಸುತನ ತೋರಿಸಲು ಇದು ಜಾಗವಲ್ಲ.

ಬೆರಳಿನ ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದು ರಕ್ತ ಬರದಂತೆ ತಡೆಯುತ್ತಾರೆ. ಆಮೇಲೆ ಚುಚ್ಚುವ ಬದಿಯಲ್ಲಿ ಕೆಲವು ಮಿಲಿಮೀಟರ್ ಒಳಕ್ಕೆ, ಉಗುರನ್ನು ತುದಿಯಿಂದ ಬುಡದವರೆಗೆ ನೇರವಾಗಿ ಸೀಳಿ, ಆ ಪಟ್ಟಿಯನ್ನು ಇಕ್ಕುಳದಲ್ಲಿ ಹಿಡಿದು ಬೇರಿನಿಂದ ಬಿಡಿಸುತ್ತಾರೆ. ಹೊರಬಂದ ಪಟ್ಟಿಯ ತುದಿಯಲ್ಲಿ ಆ ಸಿಬಿರು ಎಷ್ಟೋ ಸಲ ಸ್ಪಷ್ಟವಾಗಿ ಕಾಣುತ್ತದೆ. ಕೇಳಿದರೆ ತೋರಿಸುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಪಟ್ಟಿ ಮತ್ತೆ ಬೆಳೆಯುತ್ತದೆ, ಏಕೆಂದರೆ ಅದನ್ನು ತಯಾರಿಸುವ ಬೇರಿನ ಮೂಲೆ ಹಾಗೆಯೇ ಇದೆ. ಆದ್ದರಿಂದ ಹತ್ತಿ ಸುತ್ತಿದ ಕಡ್ಡಿಯಿಂದ ಗಾಢ ಫಿನಾಲನ್ನು, ಸುಮಾರು 88 ಪಾಲಿನದು, ಆ ಮೂಲೆಗೆ ಮಾತ್ರ ಒಂದೆರಡು ನಿಮಿಷ ಉಜ್ಜುತ್ತಾರೆ. ಫಿನಾಲ್ ಕೋಶಗಳ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ, ಮೊಟ್ಟೆಯ ಬಿಳಿಭಾಗ ಕುದಿನೀರಿನಲ್ಲಿ ಗಟ್ಟಿಯಾದಂತೆ. ಸತ್ತ ಬೇರು ಉಗುರನ್ನು ಹುಟ್ಟಿಸದು. ರಬ್ಬರ್ ಪಟ್ಟಿಯ ಕೆಲಸ ಇಲ್ಲಿ ಅರ್ಥವಾಗುತ್ತದೆ: ರಕ್ತ ಹರಿಯುತ್ತಿದ್ದರೆ ಫಿನಾಲ್ ತೆಳುವಾಗಿ ತೊಳೆದುಹೋಗುತ್ತಿತ್ತು. ಫಿನಾಲ್ ನರಗಳ ತುದಿಗಳನ್ನೂ ಮಂಕಾಗಿಸುವುದರಿಂದ ಅರಿವಳಿಕೆ ಇಳಿದ ಮೇಲೂ ನೋವು ಅಷ್ಟಾಗಿ ಇರುವುದಿಲ್ಲ. ಕೊನೆಗೆ ತೊಳೆದು, ರಬ್ಬರ್ ಪಟ್ಟಿ ಬಿಚ್ಚಿ, ಬೆರಳಿಗೆ ಕೆಂಪು ಮರಳಿದ್ದನ್ನು ನೋಡಿ ಕಟ್ಟು ಹಾಕುತ್ತಾರೆ. ಹೊಲಿಗೆಯಿಲ್ಲ. ಹೋದದ್ದರಿಂದ ಬಂದದ್ದಕ್ಕೆ ಅರ್ಧ ಗಂಟೆ.

ಈ ಫಿನಾಲಿಗೆ ದೊಡ್ಡ ಇತಿಹಾಸವಿದೆ. ಹಿಂದೆ ಇದನ್ನು ಕಾರ್ಬಾಲಿಕ್ ಆಮ್ಲ ಎನ್ನುತ್ತಿದ್ದರು. ಕಲ್ಲಿದ್ದಲಿನ ಟಾರಿನಿಂದ ತೆಗೆದ ಇದನ್ನು ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದ ಚರಂಡಿ ನೀರಿಗೆ ಹಾಕಿ ನಾತ ಕಡಿಮೆ ಮಾಡಿದ ಸುದ್ದಿ ಜೋಸೆಫ್ ಲಿಸ್ಟರನಿಗೆ ತಲುಪಿತು. 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋ ಆಸ್ಪತ್ರೆಗೆ ಗಾಡಿಯ ಚಕ್ರ ಹರಿದು ಕಾಲು ಮುರಿದ 11 ವರ್ಷದ ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗ ಬಂದ. ಮೂಳೆ ಮುರಿದು ಚರ್ಮವೂ ಹರಿದರೆ ಕಾಲು ಕೊಳೆತು ಕತ್ತರಿಸುವುದೇ ಆಗ ಸಾಮಾನ್ಯ. ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದ. ಆರು ವಾರದಲ್ಲಿ ಮೂಳೆ ಕೂಡಿ ಹುಡುಗ ತನ್ನೆರಡು ಕಾಲಿನ ಮೇಲೆ ಮನೆಗೆ ಹೋದ. ಕ್ರಿಮಿ ಕೊಲ್ಲುವ ಫಿನಾಲ್ ಮನುಷ್ಯನ ಜೀವಕೋಶವನ್ನೂ ಬಿಡದು. ಅದಕ್ಕಾಗಿ ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಅದರ ಬಳಕೆ ಹಿಂದೆ ಬಿತ್ತು. ಆ ದೋಷವನ್ನೇ ಗುಣವಾಗಿ ತಿರುಗಿಸಿ 1945ರಲ್ಲಿ ಅಮೆರಿಕದ ಬೋಲ್ ಎಂಬವರು ಉಗುರಿನ ಬೇರನ್ನು ಕೊಲ್ಲಲು ಬಳಸಿದರು.

ನೆಲ ಒರೆಸುವ ಕಪ್ಪು ಫಿನಾಯಿಲೂ ಇದೇ ಕುಟುಂಬದ್ದೆಂದು ಮನೆಯಲ್ಲಿ ಯಾರೂ ಪ್ರಯೋಗಕ್ಕೆ ಇಳಿಯಬಾರದು. ಗಾಢ ಫಿನಾಲ್ ಚರ್ಮವನ್ನು ಸುಡುವ, ಚರ್ಮದ ಮೂಲಕವೇ ರಕ್ತಕ್ಕೆ ಸೇರುವ ವಿಷ. ವೈದ್ಯರು ಬಳಸುವುದು ಹನಿಗಳ ಲೆಕ್ಕದಲ್ಲಿ, ಸುತ್ತಲಿನ ಚರ್ಮಕ್ಕೆ ರಕ್ಷಣೆ ಕೊಟ್ಟು.

ಉಗುರಿನ ಚಿಕಿತ್ಸೆಗಳ ಬಗ್ಗೆ ನಡೆದ 24 ಅಧ್ಯಯನಗಳನ್ನು ಕೊಕ್ರೇನ್ ಸಂಸ್ಥೆಯ ವಿಮರ್ಶಕರು 2012ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಮರುಕಳಿಸದಂತೆ ತಡೆಯುವುದರಲ್ಲಿ ಶಸ್ತ್ರಚಿಕಿತ್ಸೆ ಇತರ ಉಪಾಯಗಳಿಗಿಂತ ಮೇಲು, ಅದಕ್ಕೆ ಫಿನಾಲ್ ಸೇರಿದರೆ ಇನ್ನೂ ಮೇಲಾಗಬಹುದು ಎಂಬುದು ಅವರ ತೀರ್ಮಾನ. ಫಿನಾಲ್ ಬದಲು ಸೋಡಿಯಂ ಹೈಡ್ರಾಕ್ಸೈಡ್ ಬಳಸುವವರು, ವಿದ್ಯುತ್ತಿನಿಂದ ಸುಡುವವರು, ಬೇರಿನ ಮೂಲೆಯನ್ನು ಚಾಕುವಿನಿಂದಲೇ ತೆಗೆಯುವವರೂ ಇದ್ದಾರೆ. ತಪ್ಪು ಉಗುರಿನದಲ್ಲ, ಅದರ ಮೇಲೆ ಉಬ್ಬುವ ಮಾಂಸದ್ದು ಎಂದು ವಾದಿಸಿ, ಉಗುರನ್ನು ಮುಟ್ಟದೆ ಮಾಂಸವನ್ನೇ ಧಾರಾಳವಾಗಿ ಕತ್ತರಿಸುವ ವಿಧಾನವನ್ನು ವ್ಯಾಂಡೆನ್‌ಬಾಸ್ ಮತ್ತು ಬೋವರ್ಸ್ 1959ರಲ್ಲಿ ಅಮೆರಿಕದ ಸೇನಾ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ಒಪ್ಪುವವರು ಇಂದಿಗೂ ಇದ್ದಾರೆ. ತಂದೆತಾಯಿ ಈ ಚರ್ಚೆಗೆ ಇಳಿಯಬೇಕಿಲ್ಲ. ‘ಪೂರ್ತಿ ಕೀಳುತ್ತೀರೋ, ಬದಿಯನ್ನು ಮಾತ್ರವೋ? ಆ ಬದಿ ಮತ್ತೆ ಬೆಳೆಯದಂತೆ ಏನು ಮಾಡುತ್ತೀರಿ?’ ಎಂದು ಎರಡು ಪ್ರಶ್ನೆ ಕೇಳಿದರೆ ಸಾಕು. ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ.

ಅಪ್ಪನ ಕಾಲಿಗೆ ಬೇರೆ ಎಚ್ಚರ

ಮಗನಿಗಾದದ್ದು ಅಪ್ಪನಿಗಾದರೆ, ಅಪ್ಪನಿಗೆ ಸಕ್ಕರೆ ಕಾಯಿಲೆಯಿದ್ದರೆ, ಹತ್ತಿಯ ಎಳೆ ತೂರಿಸುತ್ತ ಕೂರುವಂತಿಲ್ಲ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದವರ ಪಾದದಲ್ಲಿ ಸ್ಪರ್ಶ ಕುಂದಿರುತ್ತದೆ, ರಕ್ತಸಂಚಾರ ಇಳಿದಿರುತ್ತದೆ. ನೋವಿಲ್ಲವೆಂಬುದೇ ಅಲ್ಲಿ ಅಪಾಯ. ಸಣ್ಣ ಕೀವು ಮೂಳೆಗೆ ಇಳಿದು ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಇಂಥವರಲ್ಲಿ ವೈದ್ಯರು ಮೊದಲು ಪಾದದ ನಾಡಿ ನೋಡಿ, ಗಾಯ ಮಾಯುವಷ್ಟು ರಕ್ತ ಬರುತ್ತಿದೆಯೇ ಎಂದು ಖಚಿತಪಡಿಸಿಕೊಂಡೇ ಮುಂದುವರಿಯುತ್ತಾರೆ. ಬ್ಲೇಡು, ಪಿನ್ನು ಹಿಡಿದು ಮನೆಯಲ್ಲೇ ಮೂಲೆ ಕೆತ್ತಿಕೊಳ್ಳುವುದು ಯಾರಿಗೂ ಬೇಡ. ಸಕ್ಕರೆ ಕಾಯಿಲೆಯವರಿಗೆ ಖಂಡಿತ ಬೇಡ. ತಿಂಗಳುಗಟ್ಟಲೆ ಮಾಯದ ಹುಣ್ಣು, ಉಗುರಿನಡಿ ಅಗಲವಾಗುತ್ತ ಹೋಗುವ ಕಪ್ಪು ಗೆರೆ, ಮೂಳೆಯಂತೆ ಗಟ್ಟಿಯಾದ ಗಂಟು ಕಂಡರೆ ಅದು ಉಗುರು ನಾಟಿದ್ದೇ ಅಲ್ಲದಿರಬಹುದು. ಅದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಹಾಕಬೇಕಾದ ಟಿ.ಡಿ. ಲಸಿಕೆ ಆಗಿದೆಯೇ ಎಂದು ಇದೇ ನೆಪದಲ್ಲಿ ನೋಡಿಕೊಳ್ಳಬಹುದು. ಧನುರ್ವಾಯುವನ್ನು ತಡೆಯುವ ಲಸಿಕೆ ಅದು.

ಚಿಕಿತ್ಸೆಯ ದಿನ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಮಲಗಬೇಕು. ಮಾರನೆಯ ದಿನ ಅಥವಾ ಅದರ ಮರುದಿನ, ವೈದ್ಯರು ಹೇಳಿದಂತೆ, ಕಟ್ಟು ಬಿಚ್ಚಿ ತೊಳೆದು ಹೊಸ ಕಟ್ಟು ಹಾಕಿಕೊಳ್ಳಬಹುದು. ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ತುಸು ಹೆಚ್ಚು ದಿನ, ಗಾಯದಿಂದ ನೀರಿನಂಥ ರಸ ಜಿನುಗುತ್ತದೆ. ಅದು ಫಿನಾಲಿನಿಂದ ಆದ ಸುಟ್ಟಗಾಯ ಮಾಯುವ ರೀತಿ, ಕೀವಾಯಿತೆಂದು ಗಾಬರಿಯಾಗಬೇಕಿಲ್ಲ. ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ, ಕೆಂಪು ಹರಡಿದರೆ ಮಾತ್ರ ಮತ್ತೆ ತೋರಿಸಬೇಕು. ಉಗುರು ಮೊದಲಿಗಿಂತ ಕೊಂಚ ಕಿರಿದಾಗಿ ಉಳಿಯುತ್ತದೆ. ಪಕ್ಕದಲ್ಲಿ ಕೂತು ನೋಡಿದವರಿಗೂ ಅದು ಸುಲಭಕ್ಕೆ ತಿಳಿಯದು.

ಆ ಮೂರು ನಾಲ್ಕು ವಾರ ಬಿಗಿ ಶೂ ಹಾಕುವಂತಿಲ್ಲ. ಆದರೆ ಹುಡುಗ ಶಾಲೆ ತಪ್ಪಿಸಬೇಕಾಗಿಯೂ ಇಲ್ಲ, ಬೆರಳು ತೆರೆದಿರುವ ಚಪ್ಪಲಿಯಲ್ಲಿ ನಡೆದಾಡಬಹುದು. ಸಮವಸ್ತ್ರದಲ್ಲಿ ಶೂ ಇಲ್ಲವೆಂದು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸುತ್ತಾರೆಂಬ ಹೆದರಿಕೆಗೆ ನಾಲ್ಕನೇ ದಿನವೇ ಶೂ ಹಾಕಿಕೊಂಡು ಗಾಯ ಕೆಡಿಸಿಕೊಳ್ಳುವ ಮಕ್ಕಳಿದ್ದಾರೆ. ಚಪ್ಪಲಿಗೆ ಅನುಮತಿ ಕೋರಿ ವೈದ್ಯರಿಂದ ಎರಡು ಸಾಲಿನ ಚೀಟಿ ಬರೆಸಿಕೊಂಡು, ತಂದೆಯೋ ತಾಯಿಯೋ ಮೊದಲ ದಿನವೇ ಅದನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು ಬಂದರೆ ಆಯಿತು.